ಕಡಿಮೆ ಖರ್ಚಿನಲ್ಲಿ ಬೈಕ್ ಬ್ರೇಕ್ ಸುಧಾರಿಸುವುದು: ಪ್ಯಾಡ್, ಆಯಿಲ್, ಹೋಸ್, ಡಿಸ್ಕ್ ಇವುಗಳಲ್ಲಿ ಯಾವುದು ಮೊದಲು?

ಬ್ರೇಕ್ ಸಾಲದು ಅನ್ನಿಸಿದವರಿಗೆ ಮಾರಲು ಅಂಗಡಿಯಲ್ಲಿ ಬೇಕಾದಷ್ಟು ಸಾಮಾನಿದೆ. ಪ್ಯಾಡ್, ಬ್ರೇಕ್ ಆಯಿಲ್, ಸ್ಟೀಲ್ ಹೆಣಿಗೆಯ ಹೋಸ್, ದೊಡ್ಡ ಡಿಸ್ಕ್, ನಾಲ್ಕು ಪಿಸ್ಟನ್ ಕ್ಯಾಲಿಪರ್ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಪ್ಯಾಡಿನಿಂದ ಅಮುಕಿ ಹಿಡಿಯುವ ಭಾಗ), ಬಣ್ಣದ ಲಿವರ್. ಬೈಕ್ ಚೆನ್ನಾಗಿ ನಿಲ್ಲುತ್ತದೆ ಎಂದು ಎಲ್ಲದರ ಮೇಲೂ ಬರೆದಿರುತ್ತದೆ. ಆದರೆ ಒಂದೊಂದು ಸಾಮಾನು ಒಂದೊಂದು ತೊಂದರೆಗೆ ಮದ್ದು. ನಿಮ್ಮ ಬ್ರೇಕಿಗೆ ಏನಾಗಿದೆ ಎಂದು ತಿಳಿಯದೆ ದುಡ್ಡು ಹಾಕಿದರೆ, ಕೆಮ್ಮಿಗೆ ಕಣ್ಣಿನ ಹನಿ ಹಾಕಿದಂತೆ ಆಗುತ್ತದೆ.

ಇದು ನನಗೆ ಅನುಭವದಿಂದ ಗೊತ್ತಾದದ್ದು. ನನ್ನ ಬೈಕಿನ ಮುಂದಿನ ಬ್ರೇಕ್ ತಿಂಗಳಿನಿಂದ ತಿಂಗಳಿಗೆ ಮಂಕಾಗುತ್ತಿತ್ತು. ಪ್ಯಾಡ್ ಸರಿಯಿಲ್ಲ ಅಂದುಕೊಂಡು ದುಬಾರಿ ಪ್ಯಾಡ್ ತಂದು ಹಾಕಿದೆ. ಎರಡು ವಾರ ಪರವಾಗಿಲ್ಲ ಅನ್ನಿಸಿತು, ಆಮೇಲೆ ಮತ್ತೆ ಅದೇ ಕಥೆ. ಕೊನೆಗೆ ಕ್ಯಾಲಿಪರ್ ಬಿಚ್ಚಿ ನೋಡಿದಾಗ, ಅದು ಆಚೆ ಈಚೆ ಜಾರಬೇಕಾದ ಸ್ಲೈಡ್ ಪಿನ್ ಒಣಗಿ ತುಕ್ಕು ಹಿಡಿದಿತ್ತು. ಹೊಸ ಪ್ಯಾಡ್ ಆಗಲೇ ಒಂದು ತುದಿಯಲ್ಲಿ ಮಾತ್ರ ಸವೆದಿತ್ತು. ಪಿನ್ ಉಜ್ಜಿ, ಗ್ರೀಸ್ ಹಚ್ಚಿ, ಪಿಸ್ಟನ್ ಸುತ್ತಲಿನ ಕೊಳೆ ತೆಗೆದೆ. ಪಕ್ಕಕ್ಕಿಟ್ಟಿದ್ದ ಹಳೆಯ ಪ್ಯಾಡನ್ನೇ ಮತ್ತೆ ಹಾಕಿ ನೋಡಿದೆ. ಬೈಕ್ ಹೊಸದರಂತೆ ನಿಂತಿತು.

ಹಾಗಾಗಿ ಈ ಹೋಲಿಕೆಯಲ್ಲಿ ನಾನು ಸಾಮಾನಿನಿಂದ ಶುರುಮಾಡುವುದಿಲ್ಲ. ತೊಂದರೆಯಿಂದ ಶುರುಮಾಡುತ್ತೇನೆ.

ನಿಮ್ಮ ಬ್ರೇಕಿನ ತೊಂದರೆ ಯಾವುದು?

ಬೈಕ್ ನಿಲ್ಲಿಸಿಕೊಂಡು ಮುಂದಿನ ಲಿವರ್ ಒತ್ತಿ. ಸ್ಪಂಜಿನಂತೆ ಮೆತ್ತಗಿದೆಯೇ? ಬೇಗ ಬೇಗ ಮೂರು ನಾಲ್ಕು ಸಲ ಒತ್ತಿದಾಗ ಗಟ್ಟಿಯಾದರೆ ಬ್ರೇಕ್ ಆಯಿಲ್ ಹರಿಯುವ ಲೈನಿನಲ್ಲಿ ಗಾಳಿ ಸೇರಿರುವ ಸಾಧ್ಯತೆ ಜಾಸ್ತಿ. ಎಷ್ಟು ಒತ್ತಿದರೂ ಅದೇ ಮೆತ್ತನೆ ಉಳಿದರೆ ಹೋಸ್ ಉಬ್ಬುತ್ತಿರಬಹುದು. ಇನ್ನೊಬ್ಬರಿಗೆ ಲಿವರ್ ಒತ್ತಲು ಹೇಳಿ ನೀವು ರಬ್ಬರ್ ಹೋಸನ್ನು ಬೆರಳಲ್ಲಿ ಹಿಡಿದು ನೋಡಿ. ಹಳೆಯ ಹೋಸ್ ಆದರೆ ಉಬ್ಬುವುದು ಕೈಗೇ ತಿಳಿಯುತ್ತದೆ. ಲಿವರ್ ಒತ್ತಿ ಹಿಡಿದೇ ಇರುವಾಗ ಅದು ನಿಧಾನವಾಗಿ ಹ್ಯಾಂಡಲ್ ಕಡೆಗೆ ಇಳಿಯುತ್ತಾ ಹೋದರೆ, ಎಲ್ಲೂ ಸೋರಿಕೆ ಇಲ್ಲದಿದ್ದರೆ, ಮಾಸ್ಟರ್ ಸಿಲಿಂಡರಿನ (ಲಿವರ್ ಪಕ್ಕದಲ್ಲಿದ್ದು ಆಯಿಲನ್ನು ತಳ್ಳುವ ಭಾಗ) ಒಳಗಿನ ಸೀಲ್ ಸವೆದಿದೆ. ಇದಕ್ಕೆ ಬೇಕಾದದ್ದು ರಿಪೇರಿ, ಅದೂ ಇವತ್ತೇ.

ಲಿವರ್ ಗಟ್ಟಿಯಾಗಿಯೇ ಇದೆ, ಆದರೂ ಬೈಕ್ ಬೇಗ ನಿಲ್ಲುವುದಿಲ್ಲ ಅಂದರೆ ಪ್ಯಾಡ್ ಮತ್ತು ಡಿಸ್ಕ್ ಕಡೆ ನೋಡಿ. ಬ್ರೇಕ್ ಹಿಡಿದಾಗ ಲಿವರ್ ಬೆರಳಿಗೆ ಬಡಿದಂತೆ ಮಿಡಿದರೆ ಡಿಸ್ಕ್ ವಾಲಾಡುತ್ತಿದೆ, ಇಲ್ಲವೇ ಪ್ಯಾಡಿನ ಪುಡಿ ಅದರ ಮೇಲೆ ಅಲ್ಲಲ್ಲಿ ಅಂಟಿದೆ.

ಬೆಟ್ಟದ ಇಳಿಜಾರಿನಲ್ಲಿ ಬ್ರೇಕ್ ಕೈಕೊಡುವುದರಲ್ಲೂ ಎರಡು ಬಗೆ ಇದೆ. ಈ ವ್ಯತ್ಯಾಸ ದುಡ್ಡು ಉಳಿಸುತ್ತದೆ, ಕೆಲವು ಸಲ ಜೀವವನ್ನೂ. ಲಿವರ್ ಗಟ್ಟಿಯಾಗಿಯೇ ಇದ್ದು ಹಿಡಿತ ಮಾತ್ರ ಹೋದರೆ ಪ್ಯಾಡ್ ತನ್ನ ತಾಳಿಕೆ ಮೀರಿ ಕಾದಿದೆ. ಲಿವರ್ ಮೆತ್ತಗಾಗಿ ಹ್ಯಾಂಡಲಿಗೇ ಬಂದು ತಾಗಿದರೆ ಬ್ರೇಕ್ ಆಯಿಲ್ ಕುದ್ದು ಆವಿಯ ಗುಳ್ಳೆ ಕಟ್ಟಿದೆ. ಮೊದಲನೆಯದಕ್ಕೆ ಬೇರೆ ಪ್ಯಾಡ್ ಬೇಕು, ಎರಡನೆಯದಕ್ಕೆ ಹೊಸ ಆಯಿಲ್.

ಏನೇ ಕೊಳ್ಳುವ ಮೊದಲು ಕ್ಯಾಲಿಪರ್ ಒಂದು ಸಲ ಸ್ವಚ್ಛ ಮಾಡಿಸಿ. ಪಿಸ್ಟನ್ ಸುತ್ತ ಚೌಕ ಅಂಚಿನ ಒಂದು ರಬ್ಬರ್ ಸೀಲ್ ಇರುತ್ತದೆ. ಬ್ರೇಕ್ ಒತ್ತಿದಾಗ ಅದು ತುಸು ಮಡಚಿಕೊಳ್ಳುತ್ತದೆ, ಬಿಟ್ಟಾಗ ಮತ್ತೆ ನೆಟ್ಟಗಾಗಿ ಪಿಸ್ಟನ್ನನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಕೊಳೆ ಕೂತರೆ ಈ ಕೆಲಸ ನಿಲ್ಲುತ್ತದೆ, ಪ್ಯಾಡ್ ಸದಾ ಡಿಸ್ಕಿಗೆ ಉಜ್ಜುತ್ತದೆ. ಹೊಸ ಪ್ಯಾಡ್ ಕೂರಿಸಲು ಕೊಳಕು ಪಿಸ್ಟನ್ನನ್ನು ಹಾಗೇ ಒಳಗೆ ತಳ್ಳಬೇಡಿ. ಆ ಕೊಳೆ ಸೀಲನ್ನೇ ಗೀರುತ್ತದೆ. ಪಿನ್‌ಗೆ ಹಚ್ಚುವ ಗ್ರೀಸ್ ಸಿಲಿಕೋನಿನದೋ ಬ್ರೇಕಿಗೆಂದೇ ಮಾಡಿದ್ದೋ ಆಗಿರಲಿ. ಸಾಧಾರಣ ಗ್ರೀಸ್ ತಾಗಿದರೆ ಅಲ್ಲಿನ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಪ್ಯಾಡ್: ಕೊಟ್ಟ ದುಡ್ಡಿಗೆ ಹೆಚ್ಚು ಫಲ ಇಲ್ಲೇ

ಕ್ಯಾಲಿಪರ್ ಸ್ವಚ್ಛವಾಗಿದೆ, ಲಿವರ್ ಗಟ್ಟಿಯಾಗಿದೆ, ಆದರೂ ಹಿಡಿತ ಸಾಲದು ಅಂದರೆ ಯೋಚನೆ ಮಾಡುವುದೇ ಬೇಡ, ಪ್ಯಾಡ್ ಬದಲಿಸಿ. ಸಿಗುವುದು ಮುಖ್ಯವಾಗಿ ಮೂರು ಜಾತಿ.

ಆರ್ಗ್ಯಾನಿಕ್ ಪ್ಯಾಡನ್ನು ನಾರು ಮತ್ತು ಪುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿ ಮಾಡಿರುತ್ತಾರೆ. ಮೃದು, ಸದ್ದು ಕಡಿಮೆ, ಡಿಸ್ಕನ್ನು ಜಾಸ್ತಿ ಸವೆಸುವುದಿಲ್ಲ. ತಣ್ಣಗಿರುವಾಗಲೇ ಚೆನ್ನಾಗಿ ಹಿಡಿಯುತ್ತದೆ, ಬೆರಳಿಗೆ ಹಿತವಾಗಿರುತ್ತದೆ. ಆದರೆ ಬೇಗ ಸವೆಯುತ್ತದೆ. ತುಂಬ ಕಾದರೆ ಹಿಡಿತ ಬಿಡುತ್ತದೆ. ಮಳೆಯಲ್ಲಿ ಮೊದಲ ಒತ್ತಿಗೆ ಒಂದು ಕ್ಷಣ ತಡವಾಗಿ ಹಿಡಿಯುವುದೂ ಇದರ ಗುಣ.

ಸಿಂಟರ್ಡ್ ಪ್ಯಾಡ್ ಲೋಹದ ಪುಡಿಯನ್ನು ಶಾಖ ಮತ್ತು ಒತ್ತಡದಲ್ಲಿ ಬೆಸೆದು ಮಾಡಿದ್ದು. ಹೆಚ್ಚಿನವುಗಳಲ್ಲಿ ತಾಮ್ರದ ಪಾಲು ದೊಡ್ಡದು. ಮಳೆಯಾಗಲಿ ಬಿಸಿಲಾಗಲಿ, ಕಾದಿರಲಿ ತಣ್ಣಗಿರಲಿ, ಹಿಡಿತ ಹೆಚ್ಚು ಕಡಿಮೆ ಒಂದೇ ಸಮ. ಬಾಳಿಕೆಯೂ ಜಾಸ್ತಿ. ಇದರ ಬೆಲೆ ತೆರುವುದು ಡಿಸ್ಕ್, ಅದು ಬೇಗ ಸವೆಯುತ್ತದೆ. ಲೋಹ ಶಾಖವನ್ನು ಬೇಗ ದಾಟಿಸುವುದರಿಂದ ಕ್ಯಾಲಿಪರಿನ ಒಳಗಿನ ಆಯಿಲ್ ಕೂಡ ಹೆಚ್ಚು ಕಾಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಡಿಸ್ಕಿಗೆ ಇದು ಸರಿ. ಹಳೆಯ ಬೈಕುಗಳ ಎರಕದ ಕಬ್ಬಿಣದ ಡಿಸ್ಕಿಗೆ ಮಾತ್ರ ಹಾಕಬೇಡಿ, ಡಿಸ್ಕ್ ಬೇಗ ಹಾಳಾಗುತ್ತದೆ.

ಸೆಮಿ ಮೆಟಾಲಿಕ್ ಇವೆರಡರ ನಡುವಿನದು. ಡಿಸ್ಕ್ ಉಳಿಯಲಿ, ಆದರೆ ಆರ್ಗ್ಯಾನಿಕ್‌ಗಿಂತ ತುಸು ಹೆಚ್ಚು ಶಾಖ ತಾಳಲಿ ಎನ್ನುವವರಿಗೆ ಇದು ಸಾಕು.

ಕೊಳ್ಳುವಾಗ ಪ್ಯಾಡಿನ ಹಿಂಬದಿಯ ಲೋಹದ ತಟ್ಟೆ ನೋಡಿ. ಹಲವು ಪ್ಯಾಡುಗಳಲ್ಲಿ ತಯಾರಕರ ಗುರುತಿನ ಜೊತೆ ಎರಡು ಅಕ್ಷರ ಅಚ್ಚಾಗಿರುತ್ತವೆ: ಎಫ್‌ಎಫ್, ಜಿಜಿ, ಎಚ್‌ಎಚ್ ಹೀಗೆ. ಮೊದಲ ಅಕ್ಷರ ಸಾಧಾರಣ ಶಾಖದಲ್ಲಿನ ಹಿಡಿತ, ಎರಡನೆಯದು ಜಾಸ್ತಿ ಕಾದಾಗಿನ ಹಿಡಿತ. ಎಫ್ ಅಂದರೆ ಘರ್ಷಣೆಯ ಅಂಕ 0.35ರಿಂದ 0.45, ಜಿ ಅಂದರೆ 0.45ರಿಂದ 0.55, ಎಚ್ ಅಂದರೆ 0.55ಕ್ಕಿಂತ ಮೇಲೆ. ಎರಡನೆಯ ಅಕ್ಷರ ಮೊದಲನೆಯದಕ್ಕಿಂತ ಕೆಳಗಿನದಾದರೆ ಆ ಪ್ಯಾಡ್ ಕಾದಾಗ ಹಿಡಿತ ಬಿಡುತ್ತದೆ ಎಂದರ್ಥ.

ಈ ಅಂಕಗಳನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. 0.40ರ ಪ್ಯಾಡ್ ತೆಗೆದು 0.55ರದ್ದು ಹಾಕಿದರೆ, ಬೆರಳಿನ ಒತ್ತಡ ಅಷ್ಟೇ ಇದ್ದರೂ ಹಿಡಿತ ಮೂರನೇ ಒಂದು ಪಾಲಿಗಿಂತ ಹೆಚ್ಚಾಗುತ್ತದೆ. ಬೇರೆ ಯಾವ ಸಾಮಾನೂ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಕೊಡುವುದಿಲ್ಲ. ಅಕ್ಷರವೇ ಎಲ್ಲವೂ ಅಲ್ಲ ಅನ್ನುವುದೂ ನಿಜ. ಒಂದೇ ಅಕ್ಷರದ ಎರಡು ಪ್ಯಾಡ್ ಕೈಗೆ ಬೇರೆ ಬೇರೆಯಾಗಿ ತೋರುತ್ತವೆ. ಒಂದು ಮುಟ್ಟಿದ ಕೂಡಲೇ ಕಚ್ಚುತ್ತದೆ, ಇನ್ನೊಂದು ಒತ್ತಿದಷ್ಟೂ ಏರುತ್ತಾ ಹೋಗುತ್ತದೆ. ಸಂದಣಿಯಲ್ಲಿ ನಿಧಾನ ಓಡಿಸುವವರಿಗೆ, ಹೊಸದಾಗಿ ಕಲಿತವರಿಗೆ, ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಹಗುರ ಬೈಕಿನವರಿಗೆ ಎರಡನೆಯ ಬಗೆಯೇ ಒಳ್ಳೆಯದು ಎಂದು ನಾನು ಹೇಳುತ್ತೇನೆ. ಮರಳು ಚೆಲ್ಲಿದ ತಿರುವಿನಲ್ಲಿ ಗಾಬರಿಯಿಂದ ಲಿವರ್ ಹಿಡಿದಾಗ ತಟ್ಟನೆ ಕಚ್ಚುವ ಪ್ಯಾಡ್ ಬೇಡ.

ಬೈಕ್ ತಯಾರಾಗುವಾಗ ಬಂದ ಪ್ಯಾಡೇ ಸಿಂಟರ್ಡ್ ಆಗಿದ್ದರೆ ಅದನ್ನು ಬಿಟ್ಟು ಅಗ್ಗದ ಆರ್ಗ್ಯಾನಿಕ್ ಹಾಕುವುದು ಸುಧಾರಣೆಯಲ್ಲ, ಹಿಂದಕ್ಕೆ ಹೋದಂತೆ. ನಕಲಿ ಪ್ಯಾಡ್ ಬಗ್ಗೆ ತುಂಬ ಎಚ್ಚರ ಬೇಕು. ಅಂಟು ಸರಿಯಿಲ್ಲದಿದ್ದರೆ ಉಜ್ಜುವ ಭಾಗವೇ ತಟ್ಟೆಯಿಂದ ಕಳಚಿ ಬರುತ್ತದೆ. ಬೆಲೆ ತೀರಾ ಕಡಿಮೆ ಇದ್ದು, ಹೆಸರು ಮಾತ್ರ ದೊಡ್ಡದಿದ್ದರೆ ಮುಟ್ಟಬೇಡಿ.

ಬ್ರೇಕ್ ಆಯಿಲ್: ಕಣ್ಣಿಗೆ ಕಾಣದ ಸುಧಾರಣೆ

ಎಲ್ಲಕ್ಕಿಂತ ಅಗ್ಗ ಇದೇ. ಎಲ್ಲರೂ ಮರೆಯುವುದೂ ಇದನ್ನೇ. ಡಾಟ್ ಅನ್ನುವುದು ಬ್ರೇಕ್ ಆಯಿಲಿನ ದರ್ಜೆ. ಡಾಟ್ 3, ಡಾಟ್ 4, ಡಾಟ್ 5.1 ಮೂರೂ ಗ್ಲೈಕಾಲ್ ಜಾತಿಯ ಆಯಿಲ್‌ಗಳು. ಇವು ಗಾಳಿಯ ತೇವ ಹೀರುತ್ತವೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಸುಮಾರು ಶೇ 3.7ರಷ್ಟು ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ ಈ ಅಂಕಗಳು 205 ಮತ್ತು 140. ಡಾಟ್ 5.1ಕ್ಕೆ 260 ಮತ್ತು 180.

ಗಮನಿಸಿ: ನೀರು ಕುಡಿದ ಡಾಟ್ 5.1ಗಿಂತ ಹೊಸ ಡಾಟ್ 4 ಎಷ್ಟೋ ಮೇಲು. ಆದ್ದರಿಂದ ಯಾವ ಆಯಿಲ್ ಅನ್ನುವುದಕ್ಕಿಂತ ಅದು ಎಷ್ಟು ಹೊಸದು ಅನ್ನುವುದೇ ಮುಖ್ಯ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಬಣ್ಣ ಕಾಫಿಯ ಹಾಗಾಗಿದ್ದರೆ ಕಾಯಬೇಡಿ. ಬದಲಿಸುವಾಗ ಗಾಳಿಯೂ ಹೊರಗೆ ಹೋಗುವುದರಿಂದ ಎಷ್ಟೋ ಬೈಕುಗಳ ಲಿವರ್ ಇಷ್ಟಕ್ಕೇ ಗಟ್ಟಿಯಾಗುತ್ತದೆ.

ಡಾಟ್ 5 ಮಾತ್ರ ಬೇರೆಯೇ ಜಾತಿ, ಸಿಲಿಕೋನಿನದು. ಹೆಸರಿನಲ್ಲಿ 5.1ಕ್ಕೆ ಹತ್ತಿರ ಅನ್ನಿಸಿದರೂ ಎರಡನ್ನೂ ಬೆರೆಸಬಾರದು, ಡಾಟ್ 5 ಅನ್ನು ಎಬಿಎಸ್ ಬೈಕಿಗೆ ಹಾಕಲೂಬಾರದು. ಗ್ಲೈಕಾಲ್ ಆಯಿಲ್ ಟ್ಯಾಂಕಿನ ಮೇಲೆ ಬಿದ್ದರೆ ಪೇಂಟ್ ಎದ್ದು ಬರುತ್ತದೆ, ಕೂಡಲೇ ನೀರು ಹಾಕಿ ತೊಳೆಯಿರಿ. ತೆರೆದು ತಿಂಗಳುಗಟ್ಟಲೆ ಇಟ್ಟ ಬಾಟಲಿಯನ್ನು ಮತ್ತೆ ಬಳಸಬೇಡಿ, ಅದು ಕೂತಲ್ಲೇ ತೇವ ಹೀರಿರುತ್ತದೆ.

ಸ್ಟೀಲ್ ಹೆಣಿಗೆಯ ಹೋಸ್

ಒಳಗೆ ಟೆಫ್ಲಾನ್ ಕೊಳವೆ, ಹೊರಗೆ ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಹೆಣಿಗೆ. ರಬ್ಬರಿನಷ್ಟು ಉಬ್ಬುವುದಿಲ್ಲ, ಹಾಗಾಗಿ ಬೆರಳು ಒತ್ತಿದ್ದು ನಷ್ಟವಿಲ್ಲದೆ ಕ್ಯಾಲಿಪರ್ ತಲುಪುತ್ತದೆ. ಇದರಿಂದ ಬ್ರೇಕಿನ ಗರಿಷ್ಠ ಶಕ್ತಿ ದೊಡ್ಡದಾಗಿ ಏರುವುದಿಲ್ಲ. ಏರುವುದು ನಿಮ್ಮ ಹತೋಟಿ. ಚಕ್ರ ಲಾಕ್ ಆಗುವ ಹಂತಕ್ಕೆ ಎಷ್ಟು ಹತ್ತಿರ ಇದ್ದೇನೆ ಅನ್ನುವುದು ಬೆರಳಿಗೆ ಗೊತ್ತಾಗುತ್ತದೆ. ಇದು ಸಣ್ಣ ಲಾಭ ಅಲ್ಲ.

ಪ್ಯಾಡಿಗೂ ಹೋಸಿಗೂ ನಡುವೆ ಆಯ್ಕೆ ಮಾಡಬೇಕಾದರೆ ಹೀಗೆ ನೋಡಿ. ಬೈಕ್ ಎರಡು ಮೂರು ವರ್ಷದ್ದು, ರಬ್ಬರ್ ಹೋಸ್ ಚೆನ್ನಾಗಿದೆ ಅಂದರೆ ಮೊದಲು ಪ್ಯಾಡ್. ಹೋಸ್ ಹಳೆಯದಾಗಿ ಮೇಲೆ ಸಣ್ಣ ಬಿರುಕು ಕಾಣಿಸುತ್ತಿದ್ದರೆ ಹೇಗೂ ಬದಲಿಸಲೇಬೇಕು. ರಬ್ಬರ್ ಹೋಸನ್ನು 4 ವರ್ಷಕ್ಕೊಮ್ಮೆ ಬದಲಿಸಿ ಎಂದು ಹಲವು ತಯಾರಕರ ಕೈಪಿಡಿಯಲ್ಲೇ ಇರುತ್ತದೆ. ಆಗ ರಬ್ಬರಿನ ಬದಲು ಸ್ಟೀಲ್ ಹೆಣಿಗೆಯದನ್ನೇ ಹಾಕಿಸುವುದು ಜಾಣತನ, ಕೆಲಸದ ಕೂಲಿ ಒಂದೇ ತಾನೇ.

ಹಾಕಿಸುವಾಗ ಎರಡು ವಿಷಯ ನೀವೇ ನಿಂತು ನೋಡಿ. ಜೋಡಣೆಯ ಬೋಲ್ಟಿನ ಎರಡೂ ಬದಿಯ ತಾಮ್ರ ಅಥವಾ ಅಲ್ಯೂಮಿನಿಯಂ ವಾಷರ್ ಹೊಸದಿರಬೇಕು. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗ, ಮುಂದಿನ ಚಕ್ರ ಎತ್ತಿ ಫೋರ್ಕ್ ಪೂರ್ತಿ ಇಳಿಬಿಟ್ಟಾಗ, ಹೋಸ್ ಎಲ್ಲೂ ಬಿಗಿಯಬಾರದು, ಟೈರಿಗೆ ತಾಗಬಾರದು. ಎಬಿಎಸ್ ಬೈಕಿನಲ್ಲಿ ಲೈನ್ ನೇರವಾಗಿ ಕ್ಯಾಲಿಪರಿಗೆ ಹೋಗದೆ ಎಬಿಎಸ್ ಘಟಕದ ಮೂಲಕ ಸುತ್ತಿ ಬರುತ್ತದೆ. ಹೋಸ್ ಸಂಖ್ಯೆ ಜಾಸ್ತಿ, ಖರ್ಚೂ ಜಾಸ್ತಿ, ಗಾಳಿ ತೆಗೆಯುವುದೂ ಕಷ್ಟ. ಅಂಥ ಬೈಕಿಗೆ ಹೊಸ ಆಯಿಲ್ ಮತ್ತು ಒಳ್ಳೆಯ ಪ್ಯಾಡ್ ಹಾಕಿ ನೋಡಿದ ಮೇಲೆ ಮಾತ್ರ ಹೋಸಿನ ಮಾತು.

ದೊಡ್ಡ ಡಿಸ್ಕ್, ಹೂವಿನ ಆಕಾರದ ಡಿಸ್ಕ್

ಪ್ಯಾಡ್ ಡಿಸ್ಕನ್ನು ಹಿಡಿಯುವ ಜಾಗ ಚಕ್ರದ ನಡುವಿನಿಂದ ಎಷ್ಟು ದೂರವೋ ಅಷ್ಟು ಬಲ. 300 ಮಿ.ಮೀ. ಡಿಸ್ಕಿನ ಬದಲು 320ರದ್ದು ಹಾಕಿದರೆ ಹೆಚ್ಚುವುದು ಸುಮಾರು ಶೇ 7 ಮಾತ್ರ. ಅದಕ್ಕೆ ಡಿಸ್ಕಿನ ಬೆಲೆ, ಕ್ಯಾಲಿಪರ್ ಹೊರಗೆ ಸರಿಸುವ ಬ್ರಾಕೆಟ್ಟಿನ ಬೆಲೆ ಎರಡೂ ತೆರಬೇಕು. ಮೇಲೆ ಹೇಳಿದ ಪ್ಯಾಡಿನ ಲೆಕ್ಕದ ಪಕ್ಕ ಇದನ್ನು ಇಟ್ಟು ನೋಡಿ. ದೊಡ್ಡ ಡಿಸ್ಕಿನ ನಿಜವಾದ ಲಾಭ ಶಾಖ ತಾಳುವುದರಲ್ಲಿದೆ. ಸವಾರನೂ ಸೇರಿ 200 ಕಿಲೋ ತೂಗುವ ಬೈಕ್ 60 ಕಿ.ಮೀ. ವೇಗದಿಂದ ನಿಂತರೆ ಸುಮಾರು 28 ಕಿಲೋಜೌಲ್ ಶಾಖ ಹುಟ್ಟುತ್ತದೆ. ಅದೆಲ್ಲ 1.2 ಕಿಲೋದ ಒಂದೇ ಸ್ಟೀಲ್ ಡಿಸ್ಕಿಗೆ ಹೋದರೆ ಡಿಸ್ಕ್ ಒಂದೇ ಸಲಕ್ಕೆ 45 ಡಿಗ್ರಿಯಷ್ಟು ಕಾಯುತ್ತದೆ. 100 ಕಿ.ಮೀ. ವೇಗದಿಂದಾದರೆ ಸುಮಾರು 130 ಡಿಗ್ರಿ. ಊರೊಳಗಿನ ಓಡಾಟದಲ್ಲಿ ನಡುನಡುವೆ ಆರಲು ಸಮಯ ಸಿಗುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಭಾರ ಹೊತ್ತು ಇಳಿಯುವವರಿಗೆ ಸಿಗುವುದಿಲ್ಲ. ಅವರಿಗೆ ಮಾತ್ರ ದೊಡ್ಡ ಡಿಸ್ಕ್ ಅರ್ಥವಿರುವ ಖರ್ಚು.

ಹೂವಿನ ಎಸಳಿನಂಥ ಅಂಚಿರುವ ಡಿಸ್ಕ್ ನೋಡಲು ಚೆಂದ, ತೂಕ ತುಸು ಕಡಿಮೆ. ರಸ್ತೆ ಬೈಕಿಗೆ ಅದರಿಂದ ಬೇರೆ ದೊಡ್ಡ ಲಾಭ ನನಗೆ ಕಂಡಿಲ್ಲ. ಆದರೆ ಈಗಿರುವ ಡಿಸ್ಕಿನ ದಪ್ಪ ಖಂಡಿತ ಅಳೆಯಿಸಿ. ಕನಿಷ್ಠ ದಪ್ಪ ಡಿಸ್ಕಿನ ಮೇಲೇ ಕೆತ್ತಿರುತ್ತದೆ. ಅದಕ್ಕಿಂತ ತೆಳುವಾಗಿದ್ದರೆ ಎಂಥ ಪ್ಯಾಡ್ ಹಾಕಿದರೂ ದಂಡ.

ಕ್ಯಾಲಿಪರ್ ಮತ್ತು ಮಾಸ್ಟರ್ ಸಿಲಿಂಡರ್

ಇವೆರಡನ್ನು ಬೇರೆ ಬೇರೆಯಾಗಿ ನೋಡುವುದೇ ಎಲ್ಲರೂ ಮಾಡುವ ತಪ್ಪು. ಮೇಲಿನ ಸಣ್ಣ ಪಿಸ್ಟನ್ ಕೆಳಗಿನ ದೊಡ್ಡ ಪಿಸ್ಟನ್ನನ್ನು ತಳ್ಳುತ್ತದೆ. ಇವುಗಳ ಅಳತೆಯ ಹೊಂದಾಣಿಕೆಯಲ್ಲೇ ಬ್ರೇಕಿನ ಗುಟ್ಟಿದೆ. 12.7 ಮಿ.ಮೀ. ಮಾಸ್ಟರ್ ಸಿಲಿಂಡರ್ ತೆಗೆದು 14 ಮಿ.ಮೀ.ದು ಹಾಕಿದಿರಿ ಅಂದುಕೊಳ್ಳಿ. ಲಿವರ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಬ್ರೇಕ್ ಬಲವಾಯಿತು ಅನ್ನಿಸುತ್ತದೆ. ನಿಜಕ್ಕೂ ಅದೇ ಬೆರಳಿನ ಬಲಕ್ಕೆ ಆಯಿಲಿನ ಒತ್ತಡ ಶೇ 18ರಷ್ಟು ಕಡಿಮೆಯಾಗಿರುತ್ತದೆ. ದೊಡ್ಡದು ಹಾಕಿದರೆ ಬಲ ಹೆಚ್ಚುತ್ತದೆ ಎಂಬ ನಂಬಿಕೆ ಇಲ್ಲಿ ತಲೆಕೆಳಗು.

ಕ್ಯಾಲಿಪರಿಗೆ ಇದು ಉಲ್ಟಾ. ಕೆಳಗೆ ಪಿಸ್ಟನ್ ದೊಡ್ಡದಾದರೆ ಬಲ ಏರುತ್ತದೆ, ಜೊತೆಗೆ ಲಿವರ್ ಹೆಚ್ಚು ದೂರ ಬರುತ್ತದೆ. ಲಿವರ್ ಹ್ಯಾಂಡಲಿಗೆ ತಾಗುವಷ್ಟು ಬಂದರೆ ಅದು ಅಪಾಯ. ಆದ್ದರಿಂದ ಕ್ಯಾಲಿಪರ್ ಬದಲಿಸಲೇಬೇಕು ಎಂದಾದರೆ, ನಿಮ್ಮ ಬೈಕಿನದೇ ತಯಾರಕರು ಅದೇ ಫೋರ್ಕ್ ಇರುವ ಮೇಲಿನ ಮಾದರಿಗೆ ಹಾಕಿದ ಕ್ಯಾಲಿಪರ್ ಮತ್ತು ಮಾಸ್ಟರ್ ಸಿಲಿಂಡರ್ ಎರಡನ್ನೂ ಜೋಡಿಯಾಗಿ ತನ್ನಿ. ಆ ಲೆಕ್ಕ ಆಗಲೇ ಮಾಡಿರುತ್ತಾರೆ. ಚೆನ್ನಾಗಿರುವ ಹಳೆಯ ಜೋಡಿ ಸಿಕ್ಕಿ, ಹೊಸ ಸೀಲ್ ಹಾಕಿಸಿದರೆ ಖರ್ಚೂ ಕೈಮೀರುವುದಿಲ್ಲ. ಸಾಮಾನ್ಯ ರಸ್ತೆ ಬೈಕಿಗೆ ಇಲ್ಲಿಯವರೆಗೆ ಬರುವ ಅಗತ್ಯ ಅಪರೂಪ.

ಲಿವರ್ ಬಗ್ಗೆ ಒಂದೇ ಮಾತು. ದೂರ ಹೊಂದಿಸಬಹುದಾದ ಲಿವರ್ ಸಣ್ಣ ಕೈಯವರಿಗೆ ದೊಡ್ಡ ಉಪಕಾರ, ಬ್ರೇಕಿನ ಶಕ್ತಿಗೂ ಅದಕ್ಕೂ ಸಂಬಂಧ ಕಡಿಮೆ. ಅಗ್ಗದ ಎರಕದ ನಕಲಿಗಳು ಮುರಿಯುತ್ತವೆ, ಬೇಡ.

ಹಿಂದಿನ ಬ್ರೇಕಿಗೆ ದುಡ್ಡು ಹಾಕುವುದನ್ನು ಕೊನೆಗೆ ಇಡಿ. ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ಮುಂದಿನ ಚಕ್ರವೇ ಸುಮಾರು ಮುಕ್ಕಾಲು ಕೆಲಸ ಮಾಡುತ್ತದೆ. ಹಿಂದೆ ಡ್ರಮ್ ಇದ್ದರೆ ಅದನ್ನು ಡಿಸ್ಕಿಗೆ ಬದಲಿಸಲು ಚಕ್ರದಿಂದ ಹಿಡಿದು ಎಷ್ಟೋ ಭಾಗ ಬೇಕು. ಒಳಗಿನ ಪುಡಿ ತೆಗೆದು, ಹೊಸ ಬ್ರೇಕ್ ಶೂ ಹಾಕಿ, ಕ್ಯಾಮ್‌ಗೆ ತೆಳುವಾಗಿ ಗ್ರೀಸ್ ಹಚ್ಚಿಸಿದರೆ ಡ್ರಮ್ ತನ್ನ ಕೆಲಸ ಚೆನ್ನಾಗಿಯೇ ಮಾಡುತ್ತದೆ.

ಟೈರನ್ನು ಈ ಪಟ್ಟಿಗೆ ಯಾಕೆ ಸೇರಿಸುತ್ತೇನೆ

ಬ್ರೇಕ್ ನಿಲ್ಲಿಸುವುದು ಚಕ್ರವನ್ನು, ಬೈಕ್ ನಿಲ್ಲಿಸುವುದು ಟೈರ್. ಈಗಿರುವ ಬ್ರೇಕಿನಲ್ಲೇ ಮುಂದಿನ ಚಕ್ರ ಲಾಕ್ ಆಗುತ್ತದೆ ಅಥವಾ ಎಬಿಎಸ್ ಮಿಡಿಯುತ್ತದೆ ಅಂದರೆ ಬ್ರೇಕಿನ ಶಕ್ತಿ ಸಾಕಷ್ಟಿದೆ. ಆಗ ಎಂಥ ಕ್ಯಾಲಿಪರ್ ಹಾಕಿದರೂ ಒಂದು ಅಡಿ ಮೊದಲು ನಿಲ್ಲುವುದಿಲ್ಲ. ಸವೆದ, ಒಣಗಿ ಗಟ್ಟಿಯಾದ ಟೈರಿಗೂ ಹೊಸ ಒಳ್ಳೆಯ ಟೈರಿಗೂ ಇರುವ ಅಂತರ ದೊಡ್ಡದು. 60 ಕಿ.ಮೀ. ವೇಗದಲ್ಲಿ ಚೆನ್ನಾಗಿ ಹಿಡಿತ ಸಿಕ್ಕಿ, ಗುರುತ್ವದ 0.8 ಪಾಲಿನಷ್ಟು ಬಲದಿಂದ ವೇಗ ಇಳಿದರೆ ಬೈಕ್ ಸುಮಾರು 18 ಮೀಟರಿನಲ್ಲಿ ನಿಲ್ಲುತ್ತದೆ. ಹಿಡಿತ 0.6ಕ್ಕೆ ಇಳಿದರೆ ಅದೇ 24 ಮೀಟರ್ ಆಗುತ್ತದೆ. ಕಣ್ಣಿಗೆ ಕಂಡದ್ದು ಬೆರಳಿಗೆ ತಲುಪಲು ಒಂದು ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 17 ಮೀಟರ್ ಹೋಗಿರುತ್ತದೆ. ಈ ಕೊನೆಯ ಅಂಕವನ್ನು ಇಳಿಸುವುದು ಅಭ್ಯಾಸ ಮಾತ್ರ. ಖಾಲಿ ಜಾಗದಲ್ಲಿ ಲಿವರನ್ನು ತಟ್ಟನೆ ಎಳೆಯದೆ ಹಿಂಡುತ್ತಾ ಬಲ ಏರಿಸುವುದನ್ನು ಕಲಿಯಿರಿ. ಇದಕ್ಕೆ ಖರ್ಚೇ ಇಲ್ಲ.

ನಾನಾದರೆ ಹೀಗೆ ಮಾಡುತ್ತೇನೆ

ದಿನವೂ ಊರೊಳಗೆ ಓಡಾಡುವ ಬೈಕಾದರೆ ಕ್ಯಾಲಿಪರ್ ಸ್ವಚ್ಛತೆ, ಹೊಸ ಡಾಟ್ 4, ಮತ್ತು ನಯವಾಗಿ ಏರುವ ಪ್ಯಾಡ್. ಅಷ್ಟೇ ಸಾಕು. ಮಳೆಯಲ್ಲೂ ತಪ್ಪದೆ ಓಡಿಸುವವರು ಪ್ಯಾಡನ್ನು ಸಿಂಟರ್ಡ್‌ದೇ ತರಲಿ. ಬೆಟ್ಟದ ದಾರಿಯಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಲಗೇಜು ಕಟ್ಟಿಕೊಂಡು ಹೋಗುವವರಿಗೆ ಸಿಂಟರ್ಡ್ ಪ್ಯಾಡ್ ಮತ್ತು ಪ್ರತಿ ವರ್ಷ ಹೊಸ ಆಯಿಲ್ ಬೇಕು. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿ ಇಳಿದರೆ ಬ್ರೇಕಿನ ಭಾರದಲ್ಲಿ ಒಂದು ಪಾಲನ್ನು ಇಂಜಿನ್ ಹೊರುತ್ತದೆ. ಹತ್ತು ವರ್ಷದ ಹಳೆಯ ಬೈಕ್ ಕೊಂಡವರು ಮಾತ್ರ ಹೋಸಿನಿಂದ ಶುರುಮಾಡಲಿ, ಅದರ ಜೊತೆಯಲ್ಲೇ ಎಲ್ಲ ಸೀಲುಗಳನ್ನೂ ಬದಲಿಸಲಿ.

ಹೊಸ ಪ್ಯಾಡ್ ಹಾಕಿದ ದಿನವೇ ಅದನ್ನು ಅಳೆಯಬೇಡಿ. ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ. ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 15ಕ್ಕೆ, ಪೂರ್ತಿ ನಿಲ್ಲಿಸದೆ, ಹದವಾಗಿ ಹತ್ತು ಹದಿನೈದು ಸಲ ಇಳಿಸಿ, ನಡುನಡುವೆ ಆರಲು ಬಿಡಿ. ಪ್ಯಾಡಿನ ಪೊಟ್ಟಣದ ಮೇಲೆ ಬೇರೆ ಕ್ರಮ ಬರೆದಿದ್ದರೆ ಅದನ್ನೇ ಪಾಲಿಸಿ. ಕಾದಿರುವ ಬ್ರೇಕನ್ನು ಒತ್ತಿ ಹಿಡಿದು ನಿಂತರೆ ಪ್ಯಾಡಿನ ಅಚ್ಚು ಡಿಸ್ಕಿಗೆ ಒಂದೇ ಕಡೆ ಅಂಟುತ್ತದೆ. ಮೊದಲ ಒಂದೆರಡು ದಿನ ಮುಂದಿನ ಗಾಡಿಯಿಂದ ಜಾಸ್ತಿ ದೂರ ಇಟ್ಟುಕೊಳ್ಳಿ.

ಮತ್ತೊಂದು ವಿಷಯವಿದೆ. ಪ್ಯಾಡ್ ಹಾಕಲು ಪಿಸ್ಟನ್ ಒಳಗೆ ತಳ್ಳಿರುವುದರಿಂದ ಮೊದಲ ಒತ್ತಿಗೆ ಲಿವರ್ ಸೀದಾ ಹ್ಯಾಂಡಲಿಗೆ ಬರುತ್ತದೆ, ಬ್ರೇಕೇ ಇರುವುದಿಲ್ಲ. ಬೈಕ್ ಸ್ಟ್ಯಾಂಡಿನಿಂದ ಇಳಿಸುವ ಮೊದಲೇ ಲಿವರ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಿ. ಹಿಂದಿನ ಪೆಡಲನ್ನೂ ಹಾಗೇ. ಆಮೇಲೆ ಗಾಡಿಯನ್ನು ಕೈಯಲ್ಲಿ ತಳ್ಳುತ್ತಾ ಒಂದು ಸಲ ಬ್ರೇಕ್ ಹಿಡಿದು ನೋಡಿ, ನಂತರ ಹತ್ತಿ.